ಕೊರೆದರಾಯಿತೇ, ತೊಳೆಯಬೇಡವೇ?



ಕರ್ನೂಲು ಜಿಲ್ಲೆಯ ಆದವಾನಿಯಲ್ಲಿ ಎಣ್ಣೆ ಅಂದರೆ ಶೇಂಗಾ ಎಣ್ಣೆ, ಇಲ್ಲವೇ ಹತ್ತಿಕಾಳಿನ ಎಣ್ಣೆ. ಜಿನ್ನಿಂಗ್ ಮಿಲ್ಲುಗಳ, ಎಣ್ಣೆ ಮಿಲ್ಲುಗಳ ಊರು ಅದು. ಯಾರ್ಡಿಗೆ ಹತ್ತಿ ಬರುವ ದಿನಗಳಲ್ಲಿ ರಸ್ತೆಬದಿಯ ಜಾಲಿಗಿಡಗಳಿಗೂ ಬಿಳಿ ಎಳೆ ಸಿಕ್ಕಿಕೊಂಡಿರುತ್ತದೆ. ನೆಲದೊಳಗಿನ ಎಣ್ಣೆಗೂ ಆ ಊರಿಗೂ ಸಂಬಂಧವಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಕೋಸಿಗಿ, ಕೌತಾಳಂ, ಹೊಳಗುಂದ, ಆಲೂರು, ಪತ್ತಿಕೊಂಡ, ಈ ಸೀಮೆಯ ಕಾಲಡಿಯಲ್ಲಿರುವುದು ಗ್ರಾನೈಟು ಮತ್ತು ನೈಸ್ ಶಿಲೆ. ವಯಸ್ಸು 250 ಕೋಟಿ ವರ್ಷದ ಆಚೆ. ಪೆಟ್ರೋಲಿಯಂ ಹುಟ್ಟಬೇಕಾದರೆ ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಕೆಸರು ಬೇಕು, ಅದರಲ್ಲಿ ಹೂತುಹೋದ ಜೀವರಾಶಿ ಬೇಕು. ಆಂಧ್ರದಲ್ಲಿ ಆ ಭಾಗ್ಯ ಇರುವುದು ಪೂರ್ವದ ತುದಿಗೆ, ಕೃಷ್ಣಾ–ಗೋದಾವರಿ ನದಿಗಳು ಸಮುದ್ರ ಸೇರುವ ಕಡೆ.

ಆದರೂ ಇವತ್ತು ಎಣ್ಣೆಬಾವಿಯ ಮಾತು ಎತ್ತುತ್ತಿದ್ದೇನೆ. ಏಕೆಂದರೆ ಗೋದಾವರಿ ದಂಡೆಯ ಎಣ್ಣೆಬಾವಿಗೂ ಕೋಸಿಗಿಯ ಹೊಲದಲ್ಲಿ ನಾವು ಹಾಕಿಸುವ ಬೋರಿಗೂ ಒಂದೇ ರೋಗ. ಕೊರೆಯುವ ಕೆಲಸವೇ ಬಾವಿಯ ಬಾಯಿ ಕಟ್ಟುತ್ತದೆ. ಎಣ್ಣೆಯವರು ಆ ರೋಗಕ್ಕೆ ನೂರು ವರ್ಷದಿಂದ ಮದ್ದು ಮಾಡುತ್ತ ಬಂದಿದ್ದಾರೆ. ನಾವು ಇನ್ನೂ ಅದಕ್ಕೆ ಹಣೆಬರಹ ಅನ್ನುತ್ತೇವೆ.

ಮೊದಲು ಅವರ ಕಡೆ ನೋಡೋಣ. ಎಣ್ಣೆಬಾವಿಯನ್ನು ಬರೀ ಗಾಳಿಯಿಂದ ಕೊರೆಯುವುದು ಅಪರೂಪ. ಕೊರೆಯುವಾಗ ಕೊಳವೆಯೊಳಗಿಂದ ಒಂದು ಗಟ್ಟಿ ಕೆಸರನ್ನು ಸತತವಾಗಿ ಇಳಿಸುತ್ತಾರೆ. ಅದು ಕೊಳವೆಯ ತುದಿಯ ಕೊರೆಮೊನೆಯ, ಅಂದರೆ ಬಿಟ್ಟಿನ, ಬಾಯಿಂದ ಹೊರಬಿದ್ದು, ಒಡೆದ ಕಲ್ಲಿನ ಚೂರನ್ನು ಹೊತ್ತುಕೊಂಡು ಪಕ್ಕದ ಸಂದಿನಿಂದ ಮೇಲೆ ಬರುತ್ತದೆ. ಬಿಟ್ಟನ್ನು ತಣ್ಣಗಿಡುವುದು, ಚೂರು ಎತ್ತುವುದು ಅದರ ಕೆಲಸ ಸರಿ. ಅದಕ್ಕಿಂತ ದೊಡ್ಡ ಕೆಲಸ ತನ್ನ ಭಾರದಿಂದ ಕೆಳಗಿನ ಗ್ಯಾಸನ್ನು ಅದುಮಿ ಹಿಡಿಯುವುದು. ಆ ಹಿಡಿತ ತಪ್ಪಿದರೆ ಏನಾಗುತ್ತದೆ ಎಂದು ಆಂಧ್ರದವರಿಗೆ ಹೇಳಬೇಕಾಗಿಲ್ಲ. 1995ರ ಜನವರಿ 8ರಂದು ಕೋನಸೀಮೆಯ ಪಾಸರ್ಲಪೂಡಿಯಲ್ಲಿ ಗ್ಯಾಸ್ ಚಿಮ್ಮಿ ಹೊತ್ತಿಕೊಂಡ ಬೆಂಕಿ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಯಿತು.

ಆ ಕೆಸರಿಗೆ ಭಾರ ಕೊಡುವುದು ಬೆರೈಟಿಸ್ ಎಂಬ ಖನಿಜದ ಪುಡಿ. ನೀರಿಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ತೂಕ. ಅದು ಎಲ್ಲಿಂದ ಬರುತ್ತದೆ ಅಂತೀರಿ? ನಮ್ಮ ರಾಯಲಸೀಮೆಯಿಂದಲೇ. ಕಡಪದ ಕಡೆಯ ಮಂಗಂಪೇಟೆಯಲ್ಲಿರುವುದು ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ ಬೆರೈಟಿಸ್ ನಿಕ್ಷೇಪ. 7 ಕೋಟಿ ಟನ್ನಿಗೂ ಹೆಚ್ಚು ಎಂದು ಅಂದಾಜು. ಅಲ್ಲಿನ ಬೂದುಬಣ್ಣದ ಕಲ್ಲು ಪುಡಿಯಾಗಿ ಹಡಗು ಹತ್ತಿ ಹೊರದೇಶಗಳ ಎಣ್ಣೆಬಾವಿಗಳಿಗೆ ಇಳಿಯುತ್ತದೆ. ಕೆಸರಿನ ಇನ್ನೊಂದು ಮುಖ್ಯ ಸಾಮಾನು ಬೆಂಟೊನೈಟ್ ಜೇಡಿ. ಅದರಲ್ಲಿರುವ ಖನಿಜ ನಮ್ಮ ಎರೆಭೂಮಿಯಲ್ಲಿರುವ ಜೇಡಿಯ ಜಾತಿಯದೇ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಬಿರಿಯುವುದು, ಬೆರಳಿಗೆ ಅಂಟಿದರೆ ಬಿಡದಿರುವುದು. ಮುಂಗಾರಿನಲ್ಲಿ ಹೊಳಗುಂದದ ಎರೆಹೊಲದಲ್ಲಿ ಚಪ್ಪಲಿ ಬಿಟ್ಟು ಬಂದವರಿಗೆ ಇದರ ಗುಣ ಚೆನ್ನಾಗಿ ಗೊತ್ತು.

ಈಗ ರೋಗ ನೋಡಿ. ಭಾರದ ಕೆಸರು ಬಾವಿಯ ಗೋಡೆಯನ್ನು ಒಳಗಿಂದ ಒತ್ತುತ್ತದೆ. ಕೆಸರಿನ ನೀರು ಕಲ್ಲಿನ ರಂಧ್ರಗಳೊಳಕ್ಕೆ ನುಗ್ಗುತ್ತದೆ, ಜೇಡಿ ಮತ್ತು ಪುಡಿ ಗೋಡೆಯ ಮೇಲೇ ನಿಲ್ಲುತ್ತವೆ. ಕೆಲವೇ ಮಿಲಿಮೀಟರ್ ದಪ್ಪದ ಒಂದು ಲೇಪ. ಕೊರೆಯುವವರೆಗೆ ಅದು ಬೇಕು. ಇಲ್ಲದಿದ್ದರೆ ಕೆಸರೆಲ್ಲ ಬಂಡೆಯೊಳಗೆ ಸೋರಿಹೋಗುತ್ತದೆ. ಕೊರೆದು ಮುಗಿದ ಮೇಲೆ ಅದೇ ಲೇಪ ಎಣ್ಣೆಯ ದಾರಿಗೆ ಅಡ್ಡ. ಒಂದಷ್ಟು ನುಣ್ಣನೆಯ ಪುಡಿ ಗೋಡೆಯನ್ನು ದಾಟಿ ಗೇಣು, ಮೊಳದುದ್ದ ಒಳಗೂ ಹೋಗಿ ಕೂತಿರುತ್ತದೆ.

ಒಂದು ಮೊಳದಿಂದ ಅಂಥ ನಷ್ಟವೇನು ಅನ್ನಿಸಬಹುದು. ಇಲ್ಲಿ ಸ್ವಲ್ಪ ಲೆಕ್ಕ ಕೇಳಿ. ದ್ರವ ಎಲ್ಲ ದಿಕ್ಕಿನಿಂದ ಬಾವಿಯತ್ತ ಬರುವಾಗ ದೂರದಲ್ಲಿ ಅದಕ್ಕೆ ವಿಶಾಲವಾದ ಜಾಗವಿರುತ್ತದೆ, ಹತ್ತಿರ ಬಂದ ಹಾಗೆ ದಾರಿ ಕಿರಿದಾಗುತ್ತ, ಕೊನೆಗೆ ಎಲ್ಲವೂ ಆರು ಇಂಚು ಅಡ್ಡಳತೆಯ ತೂತಿನೊಳಗೇ ತೂರಬೇಕು. 300 ಅಡಿ ದೂರದಿಂದ ಬರುವ ದ್ರವ ತನ್ನ ಒತ್ತಡದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಬಾವಿಯ ಸಮೀಪದ ಮೂರು ಅಡಿಯಲ್ಲೇ ಕಳೆದುಕೊಳ್ಳುತ್ತದೆ. ಗೋಡೆಯ ಸುತ್ತ ಒಂದೇ ಒಂದು ಅಡಿ ದಪ್ಪದಷ್ಟು ಕಲ್ಲಿನಲ್ಲಿ ಹರಿವಿನ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದರೆ, ಬಾವಿಯ ಇಡೀ ಇಳುವರಿ ಮೂರನೇ ಒಂದು ಪಾಲಿಗೆ ಬೀಳುತ್ತದೆ. ಆಚೆ 299 ಅಡಿ ಏನೂ ಕೆಟ್ಟಿರುವುದಿಲ್ಲ. 1950ರ ದಶಕದಲ್ಲಿ ಎಣ್ಣೆ ಎಂಜಿನಿಯರುಗಳು ಈ ಲೆಕ್ಕವನ್ನು ಕ್ರಮಬದ್ಧವಾಗಿ ಕಟ್ಟಿದ ಮೇಲೆ, ಬಾವಿ ಬಡವಾಗಿದ್ದರೆ ಮೊದಲು ಗೋಡೆಯನ್ನು ಸಂಶಯಿಸು ಎಂಬುದು ಅವರಿಗೆ ರೂಢಿಯಾಯಿತು.

ತೊಳೆಯುವ ಕಲೆ ಅದಕ್ಕೂ ಹಳೆಯದು. 1890ರ ದಶಕದಲ್ಲಿ ಅಮೆರಿಕದ ಒಹೈಯೊ ರಾಜ್ಯದ ಲೀಮಾದಲ್ಲಿ ಹರ್ಮನ್ ಫ್ರಾಶ್ ಎಂಬ ರಸಾಯನಜ್ಞ ಸುಣ್ಣಕಲ್ಲಿನ ಎಣ್ಣೆಬಾವಿಗಳಿಗೆ ಹೈಡ್ರೋಕ್ಲೋರಿಕ್ ಆಮ್ಲ ಇಳಿಸಿ 1896ರಲ್ಲಿ ಪೇಟೆಂಟ್ ಪಡೆದ. ಜೇಡಿಯನ್ನು ಕರಗಿಸಲು ಹೈಡ್ರೋಫ್ಲೋರಿಕ್ ಬೆರೆಸಿದ ಆಮ್ಲ 1930ರ ದಶಕದಲ್ಲಿ ಬಂತು. ಈಗ ಕೆಸರಿಗೆ ಹಾಕುವ ಗಂಜಿ, ಅಂಟುಗಳನ್ನು ತಿನ್ನುವ ಕಿಣ್ವಗಳೂ ಇವೆ. ನಮ್ಮ ಮಂಗಂಪೇಟೆಯ ಬೆರೈಟಿಸ್ ಮಾತ್ರ ಜಗ್ಗದ ಜಾತಿ. ಸಾಮಾನ್ಯ ಆಮ್ಲಕ್ಕೆ ಕರಗುವುದಿಲ್ಲ, ಅದಕ್ಕೆ ಬೇರೆಯೇ ಬಂಧಕ ರಾಸಾಯನಿಕ ಬೇಕು. ಅದಕ್ಕೇ ಎಣ್ಣೆ ಹೊಮ್ಮುವ ಪದರಕ್ಕೆ ಬಂದಾಗ, ಒತ್ತಡ ಅವಕಾಶ ಕೊಟ್ಟರೆ, ಬೆರೈಟಿಸ್ ಬಿಟ್ಟು ಆಮ್ಲಕ್ಕೆ ಸುಲಭವಾಗಿ ಕರಗುವ ಸುಣ್ಣದ ಪುಡಿಯ ಕೆಸರನ್ನೇ ಬಳಸುವುದುಂಟು. ಆಮೇಲೆ ತೊಳೆಯುವುದು ಹೇಗೆ ಎಂದು ಕೊರೆಯುವ ಮೊದಲೇ ಯೋಚಿಸುವ ಈ ಬುದ್ಧಿಗಾಗಿಯೇ ನಿಮ್ಮನ್ನು ಇಷ್ಟು ದೂರ ಸುತ್ತಿಸಿದ್ದು.

ಈಗ ನಮ್ಮ ಹೊಲಕ್ಕೆ ಬರೋಣ. 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬಿದ್ದ ಮೇಲೂ ಬಂಡೆ ಅದೇ, ಮಳೆ ಅದೇ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದರೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಳ್ಳಾರಿ ಕಡೆಯಿಂದ ಬಂದು ಒಂದಷ್ಟು ಊರಿಗೆ ನೀರು ಕೊಡುತ್ತದೆ. ಅದನ್ನು ನಂಬಿದವರ ಎದೆಯೂ 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಝಲ್ಲೆಂದಿತ್ತು. ಕಾಲುವೆ ಮುಟ್ಟದ ಊರುಗಳಿಗೆ ಬೋರೇ ಗತಿ. ಬೋರು ಕೈಕೊಟ್ಟರೆ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ.

ಬೋರಿನ ಗಾಡಿ ಬಂತೆಂದರೆ ಊರಿಗೇ ಸುದ್ದಿ. ಬಹಳಷ್ಟು ಗಾಡಿಗಳು ತಮಿಳುನಾಡಿನ ತಿರುಚೆಂಗೋಡಿನ ಕಡೆಯವು. ಒಂದು ಲಾರಿಯ ಮೇಲೆ ಗೋಪುರದಂಥ ಚೌಕಟ್ಟು, ಇನ್ನೊಂದರ ಮೇಲೆ ಕಂಪ್ರೆಸರು ಮತ್ತು ರಾಡುಗಳು. ತೆಂಗಿನಕಾಯಿ ಒಡೆದು, ಊದಿನಕಡ್ಡಿ ಹಚ್ಚಿ ಶುರು. ಮೇಲಿನ ಮಣ್ಣು, ಗರಸು ದಾಟುವವರೆಗೆ ಕೇಸಿಂಗ್ ಪೈಪು. ಗಟ್ಟಿ ಬಂಡೆ ಸಿಕ್ಕ ಮೇಲೆ ಆರೂವರೆ ಇಂಚಿನ ಬಿಟ್ಟು. ಗಾಳಿಯ ಬಲದಿಂದ ಬಿಟ್ಟಿನ ಹಿಂದಿನ ಸುತ್ತಿಗೆ ಬಡಿಯುತ್ತ ಹೋಗುತ್ತದೆ, ಅದೇ ಗಾಳಿ ಕಲ್ಲಿನ ಹಿಟ್ಟನ್ನು ಮೇಲಕ್ಕೆ ಉಗುಳುತ್ತದೆ. ಇಲ್ಲಿ ಬೆಂಟೊನೈಟೂ ಇಲ್ಲ, ಬೆರೈಟಿಸೂ ಇಲ್ಲ. ಹಾಗಾದರೆ ಕೆಸರಿನ ರೋಗ ಎಲ್ಲಿಂದ ಬಂತು?

ಹತ್ತಿರ ನಿಂತು ನೋಡಿ. ನೂರೈವತ್ತು ಅಡಿಯವರೆಗೆ ಬಿಳಿ ಧೂಳು ಏಳುತ್ತಿರುತ್ತದೆ. ಹೊಲದ ಯಜಮಾನ ಟವೆಲ್ಲು ಮೂಗಿಗೆ ಹಿಡಿದು ಬದುವಿನ ಮೇಲೆ ಕೂತಿರುತ್ತಾನೆ, ಅವನ ಕಣ್ಣು ಧೂಳಿನ ಮೇಲೇ. ಇದ್ದಕ್ಕಿದ್ದಂತೆ ಧೂಳು ನಿಲ್ಲುತ್ತದೆ. ನೀರೂ ಬರುವುದಿಲ್ಲ, ಧೂಳೂ ಬರುವುದಿಲ್ಲ. ಹೆಲ್ಪರ್ ಹುಡುಗ ಸಲಿಕೆ ಒಡ್ಡಿದರೆ ಒದ್ದೆಯಾದ ಬೂದಿಯ ಉಂಡೆಗಳು ಬೀಳುತ್ತವೆ. ಆ ಗಳಿಗೆಯಲ್ಲಿ ಬಹಳ ಮುಖ್ಯವಾದದ್ದೊಂದು ಕೆಳಗೆ ನಡೆದಿದೆ: ಬಂಡೆಯಲ್ಲಿ ಸಣ್ಣ ಬಿರುಕು ಸಿಕ್ಕಿದೆ, ತೇವ ಒಸರುತ್ತಿದೆ. ಹಿಟ್ಟು ಹಾರುವಷ್ಟು ಒಣಗಿಲ್ಲ, ಹರಿದು ಬರುವಷ್ಟು ನೀರೂ ಇಲ್ಲ. ಕಲೆಸಿದ ಹಿಟ್ಟು ಗೋಡೆಗೆ ಗಿಲಾವು ಮಾಡಿದ ಹಾಗೆ ಬಡಿದುಕೊಳ್ಳುತ್ತದೆ. ಸೆಲೆಯ ಬಾಯಿ ಅಲ್ಲಿಗೆ ಬಂದ್. ತಿಳಿದ ಡ್ರಿಲ್ಲರ್ ಆದರೆ ಕೂಡಲೇ ಮೇಲಿನಿಂದ ನೀರು ಬಿಟ್ಟು, ರಾಡನ್ನು ಮೇಲೆ ಕೆಳಗೆ ಆಡಿಸಿ ಅದನ್ನು ಕಿತ್ತು ತೆಗೆಯುತ್ತಾನೆ. ಅವಸರದವನು ಇನ್ನಷ್ಟು ಗಾಳಿ ಕೊಟ್ಟು ಕೆಳಗೆ ಹೋಗುತ್ತಾನೆ.

ದೊಡ್ಡ ಸೆಲೆ ಸಿಕ್ಕರೂ ಕಥೆ ಬೇರೆಯಲ್ಲ. ನೀರು ಚಿಮ್ಮಿದಾಗ ಎಲ್ಲರ ಮುಖ ಅರಳುತ್ತದೆ, ಯಾರೋ ಹೂವು ತರುತ್ತಾರೆ. ಆದರೆ ಆ ನೀರು ಹಾಲಿನ ಬಣ್ಣದ್ದು, ಕಲ್ಲಿನ ಹಿಟ್ಟು ಕಲೆತದ್ದು. ಕೆಳಗೆ ಕೊರೆಯುತ್ತ ಹೋದ ಹಾಗೆ ಆ ರಾಡಿಯೆಲ್ಲ ಮೇಲಿನ ಬಿರುಕಿನ ಎದುರಿನಿಂದಲೇ ಹಾದು ಬರಬೇಕು. ಗಾಳಿಯ ಒತ್ತಡ ಒಂದಿಷ್ಟನ್ನು ಬಿರುಕಿನೊಳಗೆ ತುರುಕುತ್ತದೆ. ಕಂಪ್ರೆಸರು ನಿಂತ ಕೂಡಲೇ ಬಾವಿಯಲ್ಲಿ ತುಂಬಿದ್ದ ರಾಡಿ ಹಾಗೇ ಕೆಳಗಿಳಿದು ಮಡ್ಡಿಯಾಗಿ ಕೂರುತ್ತದೆ. ಮುನ್ನೂರು ಅಡಿಯ ಬೋರು ಎಂದು ದುಡ್ಡು ಕೊಟ್ಟಿರುತ್ತೀರಿ. ವಾರ ಬಿಟ್ಟು ಕಲ್ಲು ಕಟ್ಟಿದ ಹಗ್ಗ ಇಳಿಸಿ ನೋಡಿದರೆ ಇನ್ನೂರ ಎಪ್ಪತ್ತಕ್ಕೇ ತಳ. ಕೊನೆಯ ಮೂವತ್ತು ಅಡಿಯಲ್ಲಿ ಸೆಲೆ ಇದ್ದರೆ ಅದು ಹೂಳಿನಡಿ.

ತಪ್ಪು ಯಾರದು? ಡ್ರಿಲ್ಲರನನ್ನು ಬೈಯುವುದು ಸುಲಭ. ನನ್ನ ಅಭಿಪ್ರಾಯ ಕೇಳಿದರೆ ತಪ್ಪು ನಮ್ಮ ಲೆಕ್ಕದ ಪದ್ಧತಿಯದು. ನಾವು ದುಡ್ಡು ಕೊಡುವುದು ಅಡಿಗೆ ಇಷ್ಟೆಂದು. ಆಳಕ್ಕೆ ಹೋದಷ್ಟು ರೇಟೂ ಏರುತ್ತದೆ. ಕೊನೆಯ ಅಡಿ ಕೊರೆದ ಮೇಲೆ ಅವನು ಅಲ್ಲಿ ನಿಂತ ಪ್ರತಿ ನಿಮಿಷವೂ ಅವನಿಗೆ ಡೀಸೆಲ್ ನಷ್ಟ. ಪಕ್ಕದೂರಿನವರ ಫೋನು ಬೇರೆ ಬರುತ್ತಿರುತ್ತದೆ. ಹತ್ತು ನಿಮಿಷ ಗಾಳಿ ಊದಿ, ‘ಆಯ್ತು ಸಾರ್’ ಅಂದು ರಾಡು ಬಿಚ್ಚುತ್ತಾನೆ. ತೊಳೆಯುವ ಕೆಲಸಕ್ಕೆ ಬೇರೆ ಕೂಲಿ ಎಂದು ಮೊದಲೇ ಮಾತಾಡಿಕೊಂಡಿದ್ದರೆ ಅವನು ಏಕೆ ಓಡುತ್ತಾನೆ? ಅಡಿಯ ಲೆಕ್ಕದಲ್ಲಿ ಎರಡು ರಾಡು ಕಡಿಮೆ ಕೊರೆಸಿ, ಆ ದುಡ್ಡನ್ನು ಒಂದೆರಡು ತಾಸಿನ ತೊಳೆತಕ್ಕೆ ಕೊಡುವುದು ಲೇಸು. ಆಳದ ಹುಚ್ಚಿಗಿಂತ ಈ ಖರ್ಚು ಹೆಚ್ಚು ಫಲ ಕೊಡುತ್ತದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ತೊಳೆಯುವುದು ಅಂದರೆ ತಳಕ್ಕೆ ರಾಡು ಇಳಿಸಿ ಒಂದೇ ಸಮ ಊದುವುದಲ್ಲ. ಹಾಗೆ ಊದಿದರೆ ನೀರು ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಬಿರುಕಿನ ಬಾಯಲ್ಲಿ ಕಣಗಳು ಒಂದಕ್ಕೊಂದು ಸೇತುವೆ ಕಟ್ಟಿ ನಿಲ್ಲುತ್ತವೆ. ಅದನ್ನು ಅಲುಗಿಸಬೇಕಾದರೆ ನೀರು ಒಳಗೂ ಹೋಗಬೇಕು, ಹೊರಗೂ ಬರಬೇಕು. ಗಾಳಿ ಬಿಡಿ, ನೀರು ಎದ್ದು ಬರಲಿ, ಗಾಳಿ ನಿಲ್ಲಿಸಿ, ಎದ್ದ ನೀರು ಧಡ್ಡನೆ ಬಿದ್ದು ಬಿರುಕಿನೊಳಗೆ ನುಗ್ಗಲಿ, ಮತ್ತೆ ಗಾಳಿ. ಇದನ್ನು ಸೆಲೆ ಸಿಕ್ಕ ಪ್ರತಿಯೊಂದು ಆಳದಲ್ಲೂ ಮಾಡಬೇಕು. ಅದಕ್ಕೆ ಯಾವ ಆಳದಲ್ಲಿ ಧೂಳು ನಿಂತಿತು, ಎಲ್ಲಿ ನೀರು ಹೆಚ್ಚಿತು ಎಂದು ಕೊರೆಯುವಾಗಲೇ ಬರೆದಿಟ್ಟುಕೊಂಡಿರಬೇಕು. ರಾಡುಗಳ ಉದ್ದ ಗೊತ್ತಿರುತ್ತದೆ, ಎಷ್ಟು ರಾಡು ಇಳಿದವು ಎಂದು ಎಣಿಸಿದರೆ ಸಾಕು. ಮನೆಯ ಓದುವ ಮಗಳ ಕೈಗೆ ಒಂದು ನೋಟುಬುಕ್ ಕೊಡಿ. ಪ್ರತಿ ಸಲ ಊದಿದಾಗ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಸಾಲಾಗಿ ನಿಲ್ಲಿಸಿ. ಮೊದಲಿನದರಲ್ಲಿ ತಳಕ್ಕೆ ನಾಲ್ಕು ಬೆರಳು ಹಿಟ್ಟು ಕೂತಿರುತ್ತದೆ. ಕೊನೆಯದರಲ್ಲಿ ಕಾಣದಷ್ಟಾಗುವವರೆಗೆ ಗಾಡಿ ಬಿಡಬೇಡಿ. ಇದರಿಂದ ಮೋಟರಿಗೂ ಆಯುಷ್ಯ. ತೊಳೆಯದ ಬೋರಿಗೆ ಮೋಟರು ಇಳಿಸಿದರೆ ಆ ಹಿಟ್ಟು ಇಂಪೆಲ್ಲರನ್ನು ಅರೆದುಹಾಕುತ್ತದೆ.

ಹಳೆಯ ಬೋರಿಗೂ ಇದೇ ಉಪಚಾರ ಮಾಡಬಹುದು. ಜೇಡಿ ಗಟ್ಟಿಯಾಗಿ ಕೂತಿದ್ದರೆ ಅದನ್ನು ಸಡಿಲಿಸುವ ಪಾಲಿಫಾಸ್ಫೇಟ್ ಪುಡಿಯನ್ನು ತಿಳಿದವರ ಕೈಯಿಂದ ಹಾಕಿಸಿ, ಆಮೇಲೆ ಪೂರ್ತಿ ಹೊರಗೆ ಹೊಡೆಸಬೇಕು. ಬಿರುಕುಗಳೇ ತೀರ ಕಿರಿದಾಗಿದ್ದರೆ ಬೋರಿನ ನಡುವೆ ರಬ್ಬರಿನ ಅಡ್ಡಗಟ್ಟು ಕೂರಿಸಿ, ಭಾರಿ ಒತ್ತಡದಲ್ಲಿ ನೀರು ನುಗ್ಗಿಸಿ ಅವನ್ನು ಅಗಲಿಸುವ ವಿಧಾನವಿದೆ. ಇದು ಎಣ್ಣೆಯವರಿಂದ ಬಂದದ್ದೇ. 1947ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಹ್ಯೂಗಟನ್ ಗ್ಯಾಸ್ ಸೀಮೆಯಲ್ಲಿ ಮೊದಲ ಪ್ರಯೋಗವಾಯಿತು. ನಮ್ಮ ದೇಶದಲ್ಲಿ ಕುಡಿಯುವ ನೀರಿನ ಕೈಪಂಪಿನ ಬೋರುಗಳಿಗೆ ಬಳಸಿದ್ದಾರೆ.

ಆದರೆ ಎಣ್ಣೆಯವರದ್ದೆಲ್ಲ ನಮಗೆ ಒಗ್ಗುವುದಿಲ್ಲ. ಬೋರಿಗೆ ಆಸಿಡ್ ಹಾಕಿದರೆ ನೀರು ಹೆಚ್ಚುತ್ತದೆ ಎಂದು ಯಾರಾದರೂ ಕ್ಯಾನು ಹಿಡಿದು ಬಂದರೆ ಕೈಮುಗಿದು ಕಳಿಸಿ. ಫ್ರಾಶ್‌ನ ಆಮ್ಲ ಕೆಲಸ ಮಾಡಿದ್ದು ಸುಣ್ಣಕಲ್ಲಿನಲ್ಲಿ. ಕರ್ನೂಲಿನ ಪೂರ್ವದಲ್ಲಿ, ಈಗಿನ ನಂದ್ಯಾಲ ಜಿಲ್ಲೆಯಲ್ಲಿ, ಸುಣ್ಣಕಲ್ಲುಂಟು. ಬೆಲುಂ ಗವಿಗಳನ್ನು ನೀರೇ ಕೊರೆದದ್ದು ಅದರಲ್ಲಿ. ಆದವಾನಿಯ ಗ್ರಾನೈಟಿಗೆ ಆ ಆಮ್ಲ ತಾಗುವುದೇ ಇಲ್ಲ. ನಿಮ್ಮ ಕೇಸಿಂಗನ್ನು ತಿನ್ನುತ್ತದೆ, ಕುಡಿಯುವ ನೀರು ಕೆಡಿಸುತ್ತದೆ, ಅಷ್ಟೇ. ಹೈಡ್ರೋಫ್ಲೋರಿಕ್ ಅಂತೂ ಚರ್ಮ ತಾಗಿದರೆ ಪ್ರಾಣಕ್ಕೇ ಕುತ್ತು ತರುವ ವಸ್ತು. ಬೋರಿನೊಳಗೆ ಮದ್ದು ಸಿಡಿಸುವುದೂ ಹೀಗೆಯೇ, ಗೋಡೆ ಕುಸಿದರೆ ಇದ್ದ ನೀರೂ ಹೋಯಿತು.

ತೊಳೆದದ್ದರಿಂದ ಏನು ಲಾಭವಾಯಿತು ಎಂದು ತಿಳಿಯಲು ಅಳತೆ ಬೇಕು. ನಮ್ಮಲ್ಲಿ ‘ಎರಡು ಇಂಚು ನೀರು’ ಅನ್ನುತ್ತೇವಲ್ಲ, ಅದು ವಿ ಆಕಾರದ ಕಚ್ಚಿನ ಮೇಲೆ ಹರಿಯುವ ನೀರಿನ ಎತ್ತರ. ಒಂದು ಇಂಚಿನ ಎರಡರಷ್ಟು ಎರಡು ಇಂಚು ಎಂದುಕೊಂಡರೆ ಮೋಸಹೋದಿರಿ. ತೊಂಬತ್ತು ಡಿಗ್ರಿಯ ಕಚ್ಚಿನಲ್ಲಿ ಒಂದು ಇಂಚು ಅಂದರೆ ತಾಸಿಗೆ ಸುಮಾರು 500 ಲೀಟರು. ಎರಡು ಇಂಚು ಅಂದರೆ 2,900ರ ಹತ್ತಿರ. ಮೂರು ಇಂಚಿಗೆ 8,000 ಲೀಟರು. ಅಂದಮೇಲೆ ತೊಳೆದು ಅರ್ಧ ಇಂಚು ಏರಿದರೂ ಅದು ಸಣ್ಣದಲ್ಲ. ಕಚ್ಚಿಲ್ಲದಿದ್ದರೆ 200 ಲೀಟರಿನ ಡ್ರಮ್ಮು, ಕೈಗಡಿಯಾರ ಸಾಕು. ನೂರು ಸೆಕೆಂಡಿಗೆ ತುಂಬಿದರೆ ತಾಸಿಗೆ 7,200 ಲೀಟರು. ಮೋಟರು ಹಾಕಿದ ಕೂಡಲೇ ಅಳೆಯಬೇಡಿ, ಒಂದೆರಡು ತಾಸು ಓಡಿದ ಮೇಲೆ ಅಳೆಯಿರಿ. ರೈತರಿಗೆ ಇದೆಲ್ಲ ಆಗದ ಕೆಲಸ ಅನ್ನುವವರಿಗೆ ಒಂದು ಮಾತು. 2003ರಿಂದ ಆಗಿನ ಅವಿಭಜಿತ ಆಂಧ್ರದ ಏಳು ಜಿಲ್ಲೆಗಳಲ್ಲಿ, ಕರ್ನೂಲೂ ಸೇರಿ, ರೈತರೇ ಅಂತರ್ಜಲ ನಿರ್ವಹಿಸುವ ಯೋಜನೆ ನಡೆಯಿತು. ಮಳೆ ಅಳೆದವರು, ಬೋರಿನ ಮಟ್ಟ ಅಳೆದವರು, ಊರ ಗೋಡೆಯ ಮೇಲೆ ಲೆಕ್ಕ ಬರೆದವರು ಊರಿನ ಗಂಡಸರು, ಹೆಂಗಸರೇ.

ತೊಳೆತ ಎಲ್ಲ ರೋಗಕ್ಕೂ ಮದ್ದಲ್ಲ. ಬೋರಿನಲ್ಲಿ ನಿಂತ ನೀರಿನ ಮಟ್ಟ ಚೆನ್ನಾಗಿದ್ದು, ಮೋಟರು ಹಾಕಿದರೆ ಗಳಿಗೆಯಲ್ಲೇ ಖಾಲಿಯಾಗುತ್ತಿದ್ದರೆ ಗೋಡೆ ಕಟ್ಟಿರಬಹುದು, ತೊಳೆಸಿ ನೋಡಿ. ಸುತ್ತಲಿನ ಬೋರುಗಳೆಲ್ಲ ಒಟ್ಟಿಗೇ ಇಳಿದಿದ್ದರೆ ನೆಲದಲ್ಲೇ ನೀರಿಲ್ಲ, ಏನು ತೊಳೆದೂ ಪ್ರಯೋಜನವಿಲ್ಲ. ಇನ್ನೊಂದು ಬೋರು ಕೊರೆಸಿದರೆ ಪಕ್ಕದವನ ಪಾಲು ಕಸಿಯುವುದಷ್ಟೇ. ಆಂಧ್ರದಲ್ಲಿ ಹೊಸ ಬೋರಿಗೆ ಅನುಮತಿ ಬೇಕೆನ್ನುವ ‘ವಾಲ್ಟಾ’ ಕಾಯ್ದೆ 2002ರಿಂದ ಇರುವುದೂ ಇದೇ ಕಾರಣಕ್ಕೆ.

ಬತ್ತಿದ ಬೋರಿಗೆ ಮಳೆನೀರು ಇಂಗಿಸುವ ಉತ್ಸಾಹ ಈಗ ಹೆಚ್ಚಾಗಿದೆ. ಒಳ್ಳೆಯದೇ. ಆದರೆ ಎರೆಹೊಲದಿಂದ ಹರಿದುಬರುವ ಕರಿನೀರನ್ನು ಸೀದಾ ಬೋರಿಗೆ ಬಿಡುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಎರೆಮಣ್ಣಿನ ಜೇಡಿ ಯಾವ ಜಾತಿಯದು ಎಂದು ಆಗಲೇ ಹೇಳಿದೆ. ಎಣ್ಣೆಯವರು ಗೋಡೆಗೆ ಲೇಪ ಕಟ್ಟಲೆಂದೇ ದುಡ್ಡು ಕೊಟ್ಟು ತರುವ ವಸ್ತುವನ್ನು ನಾವು ಪುಕ್ಕಟೆಯಾಗಿ ನಮ್ಮ ಬಿರುಕುಗಳಿಗೆ ಸುರಿದ ಹಾಗಾಯಿತು. ಮೊದಲ ಗುಂಡಿಯಲ್ಲಿ ಹೂಳು ತಂಗಲಿ, ಎರಡನೆಯದರಲ್ಲಿ ಜಲ್ಲಿ, ಮರಳಿನಿಂದ ಸೋಸಲಿ, ಆಮೇಲೆ ತಿಳಿನೀರು ಇಳಿಯಲಿ. ಮರಳಿನ ಮೇಲ್ಪದರವನ್ನು ಪ್ರತಿವರ್ಷ ಮುಂಗಾರಿಗೆ ಮೊದಲು ಕೆರೆದು ಹೊಸದು ಹಾಕಬೇಕು.

ತೊಳೆದೂ, ಇಂಗಿಸಿಯೂ ಬಾರದ ಬೋರಿದ್ದರೆ ಅದನ್ನು ಬಾಯಿತೆರೆದು ಬಿಡಬೇಡಿ. ಗೋಣಿಚೀಲ, ಚಪ್ಪಡಿಕಲ್ಲು ಮುಚ್ಚಿಯೂ ಸುಮ್ಮನಾಗಬೇಡಿ. ಮಕ್ಕಳು ಬಿದ್ದ ಸುದ್ದಿ ಗಡಿಯ ಎರಡೂ ಕಡೆ ಸಾಕಷ್ಟು ಕೇಳಿದ್ದೇವೆ. ಬಿಟ್ಟ ಬೋರನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕೆಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ. ಮಣ್ಣು, ಮರಳು, ಬೆಣಚುಕಲ್ಲು ಯಾವುದಾದರೂ ಆದೀತು. ಕೊರೆದ ದಿನ ಬದುವಿನ ಪಕ್ಕ ಗುಡ್ಡೆಬಿದ್ದ ಆ ಬಿಳಿ ಹಿಟ್ಟನ್ನೂ ಅದಕ್ಕೆ ಸುರಿಯಬಹುದು.